ಮಲ್ಲಮ್ಮನ ಹೆಸರಿಗೆ ಗಂಡನ ರಕ್ತ

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೋ ಒಡೆದು ಕೋಳಿಯ ಕೊಕ್ಕಿನಂತೆ ಬಾಗಿ ಬೆಳೆದಿತ್ತು. ಆ ಬೆರಳಿನಿಂದ ಮೊಣಕೈಯ ಒಳಬದಿಯನ್ನು ಒಮ್ಮೆ ಒತ್ತಿದರೆ ಎಂಥ ಬಡಕಲು ತೋಳಿನಲ್ಲೂ ನರ ಏಳುತ್ತಿತ್ತು. ಬಲಗೈಯೋ ಎಡಗೈಯೋ, ಈಗ ಆಣೆ ಮಾಡಿ ಹೇಳಲಾರೆ. ಉಗುರು ಮಾತ್ರ ನಿಜ.

ಶಹಾಪುರದ ಸಣ್ಣ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ ಅವರದು. ಹತ್ತನೆಯ ತರಗತಿ ಫೇಲು. ನಾನು ಎಂ.ಎಸ್ಸಿ. ಮುಗಿಸಿ, ಅಂಕಪಟ್ಟಿಗಿಂತ ದೊಡ್ಡ ಸೊಕ್ಕು ಹೊತ್ತು ಬಂದವನು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಡಿಗ್ರಿ, ಚೀಟಿ ಹಚ್ಚು." ಅಷ್ಟೇ. ಮಧ್ಯಾಹ್ನ ನನಗೆ ಬೆನ್ನು ಮಾಡಿ ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದರು.

ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಹೊಲಸು ನೀರಿನಿಂದ ಬರುವ ಕಾಮಣಿ, ಅಂದರೆ ಕಾಮಾಲೆ, ಹೆಪಟೈಟಿಸ್ ಇ, ದಂಡೆಯ ಊರುಗಳಲ್ಲಿ ಎಷ್ಟು ಜನರಿಗೆ ಬಂದು ಹೋಗಿದೆ ಎಂದು ತಿಳಿಯುವ ಸಮೀಕ್ಷೆ ನಮ್ಮದು. ಬಂದು ಹೋದವರ ರಕ್ತದಲ್ಲಿ ಪ್ರತಿಕಾಯ ಉಳಿದಿರುತ್ತದೆ. ಚೀಟಿ ಎತ್ತಿ ಆರಿಸಿದವರ ರಕ್ತ ತಂದು ಅದನ್ನು ಹುಡುಕಬೇಕು. ನಮ್ಮ ಪ್ರೊಫೆಸರರು ಯಾದಗಿರಿಯ ಲಾಡ್ಜಿನಲ್ಲಿ ಫ್ಯಾನಿನ ಕೆಳಗೆ ಮಲಗಿ ಇದನ್ನು ಕ್ಷೇತ್ರಕಾರ್ಯ ಎನ್ನುತ್ತಿದ್ದರು. ಸಮೀಕ್ಷೆಗೆಂದು ಲ್ಯಾಬಿನಿಂದ ಕರೆಸಿಕೊಂಡ ಇವರು ಸೂಜಿ ಹಾಕುತ್ತಿದ್ದರು, ನಾನು ಟ್ಯೂಬಿಗೆ ಹೆಸರು ಅಂಟಿಸುತ್ತಿದ್ದೆ. "ಕಾಮಣಿ ಆಗಿತ್ತೇನ್ರಿ?" ಎಂದು ನಾನು ಜನರನ್ನು ಕೇಳಿದರೆ ಇವರಿಗೆ ನಗು. "ಮಂದಿ ಬಾಯಿ ಸುಳ್ಳ ಹೇಳ್ತದ, ರಕ್ತ ಹೇಳಂಗಿಲ್ಲ." ಆ ಜಂಬದಲ್ಲಿ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ತೋಳನ್ನಷ್ಟೇ.

ದೋರನಹಳ್ಳಿಯಲ್ಲಿ ಎರಡನೆಯ ದಿನ. ಪಟ್ಟಿಯಲ್ಲಿದ್ದದ್ದು ಮಲ್ಲಮ್ಮ, ಬಸುರಿ. ಪಡಸಾಲೆಗೆ ಬಂದು ತೋಳು ಚಾಚಿದ್ದು ಆಕೆಯ ಗಂಡ. ನಾನು ಸುಮ್ಮನೆ ಮಲ್ಲಮ್ಮ ಎಂದು ಬರೆದು ಅಂಟಿಸಿದೆ. ಟ್ಯೂಬು ಉರುಳಿತು, ಅವರು ಹಿಡಿದು ಚೀಟಿ ಓದಿದರು.

"ಡಿಗ್ರಿ, ಮಲ್ಲಮ್ಮಗ ತೋಳ ತುಂಬ ಕೂದಲ ಯಾವಾಗ ಬಂದ್ವು?"

ಮಲ್ಲಮ್ಮನ ಅತ್ತೆ ಒಳಗಿನಿಂದ ಬಂದಳು. "ಬಸುರಿ ಮೈಯಾಗಿನ ರಕ್ತ ಹ್ಯಾಂಗ ಕೊಡಾಣ್ರಿ? ಗಂಡಂದು ಬ್ಯಾರೆ, ಹೆಂಡ್ತಿದು ಬ್ಯಾರೆ ಇರ್ತದೇನು?"

"ಒಂದೇ ಮನೆ, ಒಂದೇ ನೀರು. ಏನು ವ್ಯತ್ಯಾಸ?" ಎಂದೆ ನಾನು, ಎಂ.ಎಸ್ಸಿ.

"ಹಿಂಗ ಎಷ್ಟು ಮಾಡೀದಿ?"

ಹನ್ನೊಂದೋ ಹದಿಮೂರೋ. ಸೊಸೆಯರ ಹೆಸರು ಬಂದಲ್ಲೆಲ್ಲ ಗಂಡನೋ ಮೈದುನನೋ ತೋಳು ಕೊಟ್ಟಿದ್ದರು. ಯಾವ ಟ್ಯೂಬುಗಳು ಎಂದು ಗುರುತು ಹಾಕಿರಲಿಲ್ಲ, ನೆನಪೂ ಇರಲಿಲ್ಲ.

"ಈ ಕಾಮಣಿ ಬಂದ್ರ ಸಾಯೋರು ಬಸುರ್ಯಾರು. ಗಂಡಸರ ರಕ್ತ ನೋಡಿ, ಹೆಣ್ಮಕ್ಕಳಿಗೆ ಬಂದು ಹೋಗ್ಯಾದ, ಚಿಂತಿಲ್ಲ ಅಂತ ಬರೀತಾರ. ತಿಳೀತೇನು?"

ಯಾವುದು ಯಾರದೆಂದು ನಂಬಲಾಗದ ಎರಡು ದಿನದ ಟ್ಯೂಬುಗಳನ್ನೆಲ್ಲ ಅವರು ಬ್ಲೀಚಿಂಗ್ ನೀರಿನಲ್ಲಿ ಮುಳುಗಿಸಿದರು. ನಾನು ಕಿರುಚಿದೆ: "ನಿಮಗೇನು ಅಧಿಕಾರ ಅದ?"

"ಅಧಿಕಾರ ಇಲ್ಲ. ಬಕೀಟ್ ಅದ."

ಮರುದಿನ ಮತ್ತೆ ಮನೆಮನೆಗೆ. "ನಿನ್ನಿ ಒಯ್ದ ರಕ್ತ ಎಲ್ಲಿ ಮಾರಿ ಬಂದ್ರಿ?" ಎಂದು ಜನ ಬೈದರು. ಇವರು ಪ್ರತಿ ಬಾಗಿಲಲ್ಲೂ ಒಂದೇ ಮಾತು ಹೇಳಿದರು: "ಈ ಡಿಗ್ರಿ ತಪ್ಪು ಬರದಾನ್ರಿ. ನಾ ಯಾರ ಮಾರಿನೂ ನೋಡಲಿಲ್ಲ, ಬರೇ ತೋಳ ನೋಡಿದೆ. ಇಬ್ಬರೂ ಕೂಡಿ ಕೆಡಸೀವಿ." ಅವರ ಜೊತೆ ನನ್ನನ್ನೂ ಸೇರಿಸಿದ್ದಕ್ಕೆ ನನಗೆ ಸಿಟ್ಟು. ಮಲ್ಲಮ್ಮನ ಅತ್ತೆ ಬಾಗಿಲು ಮುಚ್ಚಿದಳು. ಇವರು ಕಟ್ಟೆಯ ಮೇಲೆ ಬಿಸಿಲಲ್ಲಿ ಕುಳಿತೇ ಇದ್ದರು. ಕೊನೆಗೆ ಬಾಗಿಲು ಅರ್ಧ ತೆರೆದು, ಬಳೆ ತುಂಬಿದ ಕೈಯೊಂದು ಹೊರಗೆ ಬಂತು.

"ಹೆಸರು ನಂದಿದ್ರ ನಂದೇ ತಗೋರಿ."

ಅವರು ಆ ದಿನ ತಲೆ ಎತ್ತಿ ಆಕೆಯ ಮುಖ ನೋಡಿದರು. ಆಮೇಲೆಯೇ ಸೂಜಿ ಹಾಕಿದ್ದು.

ಹಾಳಾದ ಟ್ಯೂಬುಗಳಿಗೆ ಪ್ರೊಫೆಸರರು ಲಿಖಿತ ಕಾರಣ ಕೇಳಿದರು. ನನಗೆ ನೌಕರಿ ಬೇಕಿತ್ತು. "ಸಿಬ್ಬಂದಿಯ ಅಜಾಗರೂಕತೆ" ಎಂದು ಬರೆದೆ. ಸೂಜಿ ಹಾಕಿದ ಅವರ ರುಜುವೂ ಬೇಕಾಗಿತ್ತು. ಓದಿದರು. ನನ್ನನ್ನು ಎಂದಿಗಿಂತ ಹೆಚ್ಚು ತಾತ್ಸಾರದಿಂದ ನೋಡಿ, "ಅಕ್ಷರ ಚಂದ ಅದಾವ, ಡಿಗ್ರಿ. ಮಾರಿ ನೋಡದ್ದು ನಂದೂ ತಪ್ಪದ" ಎಂದು ರುಜು ಹಾಕಿದರು. ಮರುವಾರ ಅವರನ್ನು ಸಮೀಕ್ಷೆಯಿಂದ ತೆಗೆದರು. ಅವರು ಉಳಿಸಿದ ಲೆಕ್ಕಕ್ಕೆ ವರದಿಯಲ್ಲಿ ನನ್ನ ಹೆಸರಿದೆ.

ಅವರು ತೀರಿಕೊಂಡದ್ದು ಸುರಪುರದ ಬಸ್ಸಿನಲ್ಲಿ ಯಾರೋ ಹೇಳಿ ತಿಳಿಯಿತು. ಯಾರು ಹೇಳಿದರು, ಯಾವ ವರ್ಷ, ಮರೆತಿದ್ದೇನೆ. ಮೇಲಿನ ಮಾತುಗಳಲ್ಲಿ ಎಷ್ಟು ಅವರವು, ಎಷ್ಟು ನಾನು ಸೇರಿಸಿದವು, ಅದೂ ಗೊತ್ತಿಲ್ಲ. ನಾನು ಕಾರಣ ಬರೆದುಕೊಟ್ಟ ಆ ಕಾಗದದ ಕಾರ್ಬನ್ ಪ್ರತಿ ಮಾತ್ರ ನನ್ನ ಹತ್ತಿರ ಇದೆ. ಅಕ್ಷರಗಳು ಈಗಲೂ ಚಂದವೇ ಇವೆ.