ಕಾಶಿಗೆ ಹೋಗದ ನೀಲವ್ವ

ನನ್ನ ಕಾದಂಬರಿಯ ಪಾತ್ರಗಳು ನನ್ನ ಮಾತು ಕೇಳುವುದಿಲ್ಲ. ಇದನ್ನು ಹೇಳಿದರೆ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ, ಏಕೆಂದರೆ ಅಲ್ಲೂ ಯಾರೂ ಕೇಳುವುದಿಲ್ಲ. ಸೇಡಂ ರಸ್ತೆಯ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಮತ್ತು ಕಾಲೇಜಿನ ಪಾಠದ ನಡುವೆ ಸಿಗುವ ಸಮಯದಲ್ಲಿ ಬರೆಯುವವಳು ನಾನು. ಇಷ್ಟು ಸಣ್ಣ ರಾಜ್ಯದಲ್ಲಿ ದಂಗೆ ಏಳುವುದು ಸುಲಭ.

ಹೋದ ವರ್ಷ ದಂಗೆ ಎದ್ದವಳು ನೀಲವ್ವ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಬ್ಬಳೇ ತೋಟ ಮಾಡಿದ ಹೆಂಗಸು. ಅವಳ ಪಾಡು, ನಡಿಗೆ, ಮಾತು, ಬಾಳೆಗೊನೆಯನ್ನು ಮಗುವಿನ ಬೆನ್ನು ಸವರಿದಂತೆ ಸವರುವ ರೀತಿ, ಎಲ್ಲವೂ ಕಮಲಾಪುರದ ನನ್ನ ಸೋದರತ್ತೆ ಗುರಮ್ಮನದು. ಕೊನೆ ಮಾತ್ರ ನನ್ನದು. ಐವತ್ತು ದಾಟಿದ ಮೇಲೆ ನೀಲವ್ವ ಮತ್ತೆ ಮದುವೆಯಾಗುತ್ತಾಳೆ. ಯಾಕೆ ಹಾಗೆ ಬರೆದೆನೋ ಗೊತ್ತಿಲ್ಲ. ಕೈ ಬರೆಯಿತು, ನಾನು ನೋಡಿದೆ.

ನಮ್ಮ ಮನೆಯವರು ಓದಿ ಕನ್ನಡಕ ತೆಗೆದರು. “ಈ ವಯಸ್ಸಿನ್ಯಾಗ ಲಗ್ನ ಅಂದ್ರ ಯಾರ್ ನಂಬ್ತಾರ? ಕಾಶಿಗಿ ಕಳಸು. ಗೌರವದಿಂದ ಮುಗೀತದ.”

ಬ್ಯಾಂಕಿನಲ್ಲಿರುವವರ ಸಲಹೆ, ತಳ್ಳಿಹಾಕುವಂತಿಲ್ಲ. ನೀಲವ್ವನನ್ನು ಕಾಶಿಗೆ ಕಳಿಸಲು ಕೂತೆ. ಆಕೆ ಹೋಗಲೊಲ್ಲಳು. ಒಂದು ಸಲ ಸ್ಟೇಷನ್ನಿಗೆ ತಲುಪುವಷ್ಟರಲ್ಲಿ ಜ್ವರ ಬಂತು, ಇನ್ನೊಂದು ಸಲ ಗಾಡಿ ತಪ್ಪಿತು. ಹೇಗೋ ಗಂಗೆಯ ದಡಕ್ಕೆ ಮುಟ್ಟಿಸಿದರೆ ಅಲ್ಲಿ ನಿಂತು ತೋಟಕ್ಕೆ ನೀರು ಬಿಟ್ಟಾರೋ ಇಲ್ಲವೋ ಎಂದು ಚಿಂತೆ ಮಾಡತೊಡಗಿದಳು. ವಾಕ್ಯಗಳೆಲ್ಲ ಸರಿಯಾಗಿದ್ದವು. ಅವುಗಳಲ್ಲಿ ಜೀವ ಮಾತ್ರ ಇರಲಿಲ್ಲ.

ಶ್ರಾವಣದ ಒಂದು ಭಾನುವಾರ ನೆನೆಸಿದ ಚುರುಮುರಿಯ ಸುಸಲಕ್ಕೆ ಒಗ್ಗರಣೆ ಹಾಕುವಾಗ, ಇವತ್ತು ಕಮಲಾಪುರಕ್ಕೆ ಹೋಗಬೇಕು ಅನ್ನಿಸಿತು. ಕಾರಣ ಕೇಳಿದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಬರೆದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಆ ದಾರಿಯಲ್ಲೇ ಹೋಗುವ ಹುಮನಾಬಾದ ಬಸ್ಸು ಹತ್ತಿದೆ.

ಅತ್ತೆ ತೋಟದಲ್ಲಿದ್ದಳು. ನನಗೊಂದು ಕೆಂಪು ಬಾಳೆಹಣ್ಣು ಕೊಟ್ಟು, “ಏನ್ ಬರೀಲಾಕತ್ತಿ? ಓದು, ಕೇಳ್ತೀನಿ” ಅಂದಳು. ಕಾಶಿಯನ್ನು ಬಿಟ್ಟು ಮದುವೆಯ ಅಧ್ಯಾಯವನ್ನೇ ಓದಿದೆ. ಮುಗಿದ ಮೇಲೆ ಅತ್ತೆ ನನ್ನ ಕೈಯಿಂದ ಹಾಳೆ ಇಸಿದುಕೊಂಡು ತಿರುಗಿಸಿ ನೋಡಿದಳು.

“ಇದು ನಿನಗ ಯಾರ್ ಹೇಳ್ಯಾರ?”

“ಯಾರೂ ಹೇಳಿಲ್ಲ ಅತ್ತಿ. ಬರೀತಾ ಬರೀತಾ ಬಂತು.”

“ಸುಳ್ಳ ಹೇಳಬ್ಯಾಡ. ಮಾಸ್ತರ್ ನಿಮ್ಮ ಮನಿಗಿ ಬಂದಿದ್ರೇನು?”

“ಯಾವ ಮಾಸ್ತರ್?”

ಅತ್ತೆಯ ಮುಖ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಪಕ್ಕದ ಹೊಲದ ಶಾಂತಪ್ಪ ಮಾಸ್ತರರು, ನಿವೃತ್ತರು, ಹೆಂಡತಿ ತೀರಿಹೋದವರು, ಉಗಾದಿಯ ದಿನ ಬಂದು ಕೇಳಿದ್ದರಂತೆ: ಉಳಿದ ಆಯುಷ್ಯ ಕೂಡೇ ಕಳಿಯೋಣೇನು? ಶ್ರಾವಣ ಬಂದರೂ ಅತ್ತೆ ಉತ್ತರ ಕೊಟ್ಟಿರಲಿಲ್ಲ.

“ನಿನ್ನ ನೀಲವ್ವಗ ಜನ ನಗಲಿಲ್ಲೇನು?” ಎಂದು ಕೇಳಿದಳು.

ಅದನ್ನು ನಾನು ಬರೆದೇ ಇರಲಿಲ್ಲ. “ನಕ್ಕರು ಅತ್ತಿ. ಆಮ್ಯಾಲ ಅವರಿಗಿ ಬ್ಯಾರೆ ಸುದ್ದಿ ಸಿಕ್ತು” ಅಂದುಬಿಟ್ಟೆ. ಅತ್ತೆ ಜೋರಾಗಿ ನಕ್ಕಳು. ನನಗೆ ಒಳಗೇ ಭಯವಾಯಿತು. ಕಾದಂಬರಿಯಾದರೆ ಹರಿದು ಮತ್ತೆ ಬರೆಯಬಹುದು, ಇದು ಅತ್ತೆಯ ಬದುಕು. “ಅದು ಬರೇ ಕಥಿ. ನೀ ವಿಚಾರ ಮಾಡು” ಅಂದೆ.

“ವಿಚಾರ ಯಾವಾಗೋ ಆಗ್ಯದ. ಬಾಯಿ ಬಿಟ್ಟು ಹೇಳ್ಲಾಕ ನಾಚಿಕಿ ಬರ್ತಿತ್ತು. ನೀ ಓದಿದ್ದು ಕೇಳಿ ಸಲೀಸಾತು.”

ಸುದ್ದಿ ಕೇಳಿ ಬ್ರಹ್ಮಪುರದ ನನ್ನ ತವರುಮನೆಯಲ್ಲಿ ನಮ್ಮ ಅಪ್ಪ ಮುಖ ಊದಿಸಿಕೊಂಡು ಕೂತರು. ಮಾಸ್ತರರೇ ಬಂದು, ಅವರೆದುರು ಕೂತು ಚಹಾ ಕುಡಿದರು. ಕಡೆಗೆ ಅಪ್ಪ, “ನಮ್ಮ ತಂಗಿಗಿ ಬಿಸಿ ರೊಟ್ಟಿ ಅಂದ್ರ ಭಾಳ ಸೇರ್ತದ. ಮಾಡಿ ಹಾಕೋರು ಯಾರೂ ಇದ್ದಿಲ್ಲ” ಅಂದರು.

“ನನಗ ರೊಟ್ಟಿ ಬಡೀಲಾಕ ಬರ್ತದ್ರಿ” ಅಂದರು ಮಾಸ್ತರರು.

ಅಪ್ಪ ಇನ್ನೊಂದು ಕಪ್ ಚಹಾ ತರಿಸಿದರು. ದೀಪಾವಳಿ ಮುಗಿದ ಮೇಲೆ ಕಮಲಾಪುರದಲ್ಲಿ, ಮನೆ ಅಂಗಳದಲ್ಲೇ ಮದುವೆಯಾಯಿತು. ಕಾಶಿಗೆ ಕಳಿಸು ಅಂದಿದ್ದ ನಮ್ಮ ಮನೆಯವರು ಎಲ್ಲರಿಗಿಂತ ಮೊದಲು ಊಟಕ್ಕೆ ಕೂತು ಎಲ್ಲರಿಗಿಂತ ಕೊನೆಗೆ ಎದ್ದರು.

ಬರೆಯುವವರಿಗೆ ಒಳಗಿನಿಂದ ಏನೋ ಹೊಳೆಯುತ್ತದೆ ಅಂತಾರಲ್ಲ, ಅದೇನು ಪವಾಡವೇ ಎಂದು ಎಷ್ಟೋ ದಿನ ಯೋಚಿಸಿದೆ. ಒಂದು ದಿನ ಪಾಠ ಮಾಡುತ್ತಿರುವಾಗ ನೆನಪಾಯಿತು: ಬಹಳ ಹಿಂದೆಯೇ ಅತ್ತೆಯ ತೋಟದಲ್ಲಿ ಬಾವಿಯ ಹತ್ತಿರ ಎರಡು ಕುರ್ಚಿ ನೋಡಿದ್ದೆ. ಒಬ್ಬಳೇ ಇರುವ ತೋಟಕ್ಕೆ ಒಂದು ಸಾಕಿತ್ತು. ಕಣ್ಣು ಅದನ್ನು ಗಮನಿಸಿತ್ತು, ಬುದ್ಧಿ ಮಾತ್ರ ಪರೀಕ್ಷೆಯ ಪೇಪರು ತಿದ್ದುವ ಗಡಿಬಿಡಿಯಲ್ಲಿತ್ತು. ಹೊಳಹು ಅಂದರೆ ಬಹುಶಃ ಇಷ್ಟೇ. ಪ್ರೀತಿಯಿಂದ ನೋಡಿದ್ದು ತಡವಾಗಿಯಾದರೂ ಕೈಗೆ ಬರುತ್ತದೆ.

ಹಾಗಾಗಿ ಈಗ ಬರವಣಿಗೆ ನಿಂತರೆ ನಾನು ಪೆನ್ನಿನ ಜೊತೆ ಜಗಳವಾಡುವುದಿಲ್ಲ. ಎದ್ದು ಬಂಧುಬಳಗದವರ ಮನೆಗೆ ಹೋಗಿ ಚಹಾ ಕುಡಿದು ಬರುತ್ತೇನೆ. ಅವರು ಮಾತ್ರ ಇತ್ತೀಚೆಗೆ ನನ್ನನ್ನು ಕಂಡ ಕೂಡಲೇ ಹೆಚ್ಚಿನ ಕುರ್ಚಿಗಳನ್ನು ಒಳಗೆ ಎತ್ತಿಡುತ್ತಿದ್ದಾರೆ.