ಕಾಲರ್ ಮೈಕಿಗೆ ಸಿಕ್ಕ ಸದ್ದು

ನಮ್ಮ ಕಡೆ ಫ್ಯಾಕ್ಟರಿಗೆ ಹೋಗುವವರು, ಹೊಲ ಮಾಡುವವರು, ಆಟೊ ಓಡಿಸುವವರು ಎಲ್ಲ ಸೇರಿಕೊಂಡು ಪೌರಾಣಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಆ ವರ್ಷ ನನ್ನ ಬಾವ, ಅಂದರೆ ಅಕ್ಕನ ಗಂಡ, ರಾಜನ ಪಾತ್ರ ಹಿಡಿದಿದ್ದ. ಎಷ್ಟೋ ವರ್ಷ ಸೇವಕ, ದೂತ, ಸೇನಾಪತಿ ಅಂತ ಆಡಿಕೊಂಡು ಬಂದವನಿಗೆ ಕೊನೆಗೂ ಸಿಕ್ಕಿದ ಪಾತ್ರ. ನಾಟಕ ಗುಬ್ಬಿಯಲ್ಲಿ. ತಾಲೀಮು ಬಟವಾಡಿಯಲ್ಲಿ, ಬಾವನ ಬಾಡಿಗೆ ಮನೆಯ ಮೇಲಿನ ಶೀಟಿನ ರೂಮಿನಲ್ಲಿ, ಭಾನುವಾರ ಮಧ್ಯಾಹ್ನ.

ಮೊದಲೆಲ್ಲ ರಂಗದ ಮೇಲೆ ಹಗ್ಗಕ್ಕೆ ಮೈಕು ನೇತುಹಾಕುತ್ತಿದ್ದರು. ರಾಜ ಕೋಪ ಮಾಡಿಕೊಂಡರೂ ಮೈಕಿನ ಕೆಳಗೇ ಬಂದು ಕೋಪ ಮಾಡಿಕೊಳ್ಳಬೇಕು. ಈಗ ವೈರ್ ಇಲ್ಲದ ಮೈಕು ಕಡಿಮೆ ಬೆಲೆಗೇ ಸಿಗುತ್ತದೆ, ನಾವೇ ಕೊಂಡುಬಿಡೋಣ ಎಂದು ಎಲ್ಲರೂ ಒಪ್ಪಿದರು. ನಾನು ಹಿರೇಹಳ್ಳಿಯಲ್ಲಿ ಪ್ಯಾಕಿಂಗ್ ಕೆಲಸದವನು. ಮದುವೆಯಾದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವನು. ಡಬ್ಬದ ಮೇಲಿನ ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ ಎಂಬ ಒಂದೇ ಕಾರಣಕ್ಕೆ ಮೈಕ್ ತರುವ ಕೆಲಸ ನನ್ನ ಮೇಲೆ ಬಿತ್ತು.

ಎರಡು ಥರದ್ದು ತಂದೆ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ಒಂದು ಜೊತೆ, ಕಿವಿಗೆ ಸುತ್ತಿ ಬಾಯಿಯ ಪಕ್ಕಕ್ಕೆ ಬರುವ ಹೆಡ್‌ಸೆಟ್ ಒಂದು. ಕಾಲರ್ ಮೈಕು ಕಣ್ಣಿಗೆ ಬೀಳುವುದಿಲ್ಲ, ಆದರೆ ರಾಜನ ಹಾರಗಳು ಬಡಿದು ಲೊಟಲೊಟ ಅನ್ನುತ್ತದೆ. ಹೆಡ್‌ಸೆಟ್ಟಿಗೆ ಹಾರದ ಕಾಟವಿಲ್ಲ, ಆದರೆ ಕಿರೀಟ ಅದರ ತಂತಿಯ ಮೇಲೇ ಕೂರುತ್ತದೆ. ಯಾವುದು ಒಳ್ಳೆಯದು ಎಂದು ಹಾಕಿ ನೋಡದೆ ಗೊತ್ತಾಗುವುದಿಲ್ಲ.

ಆ ಭಾನುವಾರ ರಿಸೀವರನ್ನು ಆಂಪ್ಲಿಫೈಯರಿಗೆ ಚುಚ್ಚಿ, ಹಾರ ತಾಗದಿರಲಿ ಎಂದು ಕಾಲರ್ ಮೈಕನ್ನು ಬಾವನ ಬನಿಯನ್ ಒಳಗೆ ಸಿಕ್ಕಿಸಿದೆ. ಸ್ಪೀಕರಿನಲ್ಲಿ ಸಣ್ಣಗೆ ಒಂದು ಸದ್ದು ಬಂತು. ಸೊಂಯ್ ಎಂದು ಏರುವುದು, ಕಿರ್ ಎಂದು ಇಳಿಯುವುದು.

"ಏನ್ಲಾ ಬಾಮೈದ, ಸೀಟಿ ಊದೋ ಮೈಕ್ ತಂದಿದೀಯಾ?" ಅಂದ ಬಾವ.

ಮಂತ್ರಿ ಪಾತ್ರದ ಆಟೊ ಡ್ರೈವರು ಬಿಡಲಿಲ್ಲ. "ರಾಜರ ಹೊಟ್ಟೇಲಿ ಕುಕ್ಕರ್ ಇಟ್ಟವ್ರೆ ಕಣಣ್ಣ. ಇನ್ನೇನ್ ವಿಷಲ್ ಆಗ್ತದೆ."

"ಮುಚ್ಚಲೇ ಬಾಯ್ನ. ಅಗ್ಗದ ಮಾಲು ತಂದು ನನ್ ಕೊರಳಿಗೆ ಕಟ್ತೀರಾ?"

ನನಗೂ ಮಾಲಿನ ಮೇಲೇ ಅನುಮಾನ. ವಾಲ್ಯೂಮ್ ಇಳಿಸಿದೆ. ಎಲ್ಲರ ಫೋನನ್ನೂ ಆಫ್ ಮಾಡಿಸಿದೆ. ಸ್ಪಂಜಿನ ಟೋಪಿ ಹಾಕಿದೆ. ಸದ್ದು ಹೋಗಲಿಲ್ಲ. ಕೊನೆಗೆ ಅದೇ ಮೈಕನ್ನು ಬಿಚ್ಚಿ ಮಂತ್ರಿಯ ಬನಿಯನ್ ಒಳಗೆ ಸಿಕ್ಕಿಸಿದೆ. ಸದ್ದೇ ಇಲ್ಲ. ಜೊತೆಯ ಇನ್ನೊಂದು ಮೈಕನ್ನು ಬಾವನಿಗೆ ಹಾಕಿದೆ. ಸೊಂಯ್, ಕಿರ್. ಅದನ್ನೂ ತೆಗೆದು ಹೆಡ್‌ಸೆಟ್ ಹಾಕಿ, ಉಸಿರು ಬಡಿಯದಂತೆ ಕೆನ್ನೆಯ ಕಡೆಗೆ ಸರಿಸಿದೆ. ಬಾವನ ಬಾಯಿ ಮುಚ್ಚಿತ್ತು. ಸ್ಪೀಕರು ಮಾತ್ರ ಸದ್ದು ಮಾಡುತ್ತಲೇ ಇತ್ತು.

ಮೇಷ್ಟ್ರು ಹಾರ್ಮೋನಿಯಂ ಮೇಲಿನ ಕೈ ತೆಗೆದರು. "ಇನ್ನೊಂದ್ಸಲ ಉಸಿರು ಬುಡಪ್ಪ," ಅಂದರು. ಬಾವ ಬಿಟ್ಟ. ಯಾರೂ ನಗಲಿಲ್ಲ.

ಅಷ್ಟರಲ್ಲಿ ಅಕ್ಕ ಟೀ ತಗೊಂಡು ಮೇಲೆ ಬಂದಳು. ಸ್ಪೀಕರಿನ ಕಡೆ ನೋಡಿ, "ಈ ಸದ್ದು ಇಲ್ಲೂ ಬಂತಾ? ನಮ್ ರೂಮಲ್ಲಿ ರಾತ್ರಿಯೆಲ್ಲಾ ಇದೇ ಕಣೋ. ಫ್ಯಾನು ಹಳೇದಾಯ್ತು ಅಂತ ನಾನೇ ಎದ್ದು ಆಫ್ ಮಾಡ್ತೀನಿ," ಅಂದಳು.

"ಆಫ್ ಮಾಡಿದ್ಮೇಲೆ ನಿಲ್ತದಾ ಅಕ್ಕ?" ಎಂದು ಕೇಳಿದೆ.

ಅಕ್ಕ ಬಾವನ ಎದೆಯನ್ನೇ ನೋಡುತ್ತಾ ಟ್ರೇ ಹಿಡಿದುಕೊಂಡು ನಿಂತುಬಿಟ್ಟಳು.

ಬಾವನಿಗೆ ಅಂತರಸನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕೆಲಸ. ಎರಕ ಹೊಯ್ದ ಕಬ್ಬಿಣದ ಸಾಮಾನಿಗೆ ಪೈಪಿನಿಂದ ಜೋರಾಗಿ ಮರಳು ಹೊಡೆದು ನುಣುಪು ಮಾಡುವ ಶೆಡ್ಡು ಅವನದು. ಅಲ್ಲಿ ಪಕ್ಕದವನ ಮುಖ ಕಾಣದಷ್ಟು ಧೂಳು. ಶಿಫ್ಟ್ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಉಂಡೆ ಬೆಲ್ಲ ಕೊಡುತ್ತಾರೆ. ಬೆಲ್ಲ ತಿಂದರೆ ಎದೆಯ ಧೂಳು ಹೊಟ್ಟೆಗೆ ಇಳಿದು ಹೋಗುತ್ತದೆ ಎಂದು ಶೆಡ್ಡಿನವರ ನಂಬಿಕೆ. ನಾನೂ ಹಾಗೇ ನಂಬಿದ್ದೆ.

"ಧೂಳು ಕಣ್ಲಾ ಅಷ್ಟೇ. ಬೆಲ್ಲ ಜಾಸ್ತಿ ತಿಂತೀನಿ, ಇಳೀತದೆ. ನೀನು ಮೈಕ್ ನೋಡು," ಅಂದ ಬಾವ.

ಮೈಕ್ ನೋಡಿದೆ. ಕಾಲರ್ ಮೈಕಿನಲ್ಲಿ ಬೇಡದ ಸದ್ದು ತೆಗೆಯುವ ಗುಂಡಿ ಒಂದಿತ್ತು. ಒತ್ತಿದರೆ ಹಸಿರು ದೀಪ ಹತ್ತುತ್ತದೆ. ಹೆಡ್‌ಸೆಟ್ ತೆಗೆದು ಕಾಲರ್ ಮೈಕನ್ನೇ ಮತ್ತೆ ಬಾವನಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಬಾವನ ಎದೆಯ ಸದ್ದು ಕತ್ತರಿಸಿದ ಹಾಗೆ ನಿಂತಿತು.

"ನೋಡ್ದಾ? ಮೈಕಿಂದೇ ತೊಂದ್ರೆ," ಅಂತ ಬಾವ ಎಲ್ಲರ ಮುಖ ನೋಡಿದ. ಎಲ್ಲರೂ ಹೂಂ ಅಂದರು. ಅಕ್ಕನೂ ಉಸಿರು ಬಿಟ್ಟು ಟೀ ಕೊಟ್ಟಳು. ಆದರೆ ಅವನು ಪದ್ಯ ಎತ್ತಿಕೊಂಡು ಕೊನೆಯಲ್ಲಿ ರಾಗ ಎಳೆದಾಗ ರಾಗವೂ ನಡುವೆಯೇ ಕತ್ತರಿಸಿ ಹೋಯಿತು. ಬಾವನ ಬಾಯಿ ತೆರೆದೇ ಇತ್ತು, ಸ್ಪೀಕರಿನಿಂದ ಏನೂ ಬರಲಿಲ್ಲ.

"ಇದು ಎದೆ ಸದ್ದನ್ನೂ ತಿಂತದೆ, ರಾಗಾನೂ ತಿಂತದೆ. ಮಾತಿಗೆ ಸರಿ, ಪದ್ಯಕ್ಕಾಗಲ್ಲ," ಅಂದರು ಮೇಷ್ಟ್ರು. ನಾನು ಗುಂಡಿಯನ್ನು ಮತ್ತೆ ಒತ್ತಿದೆ. ಸೊಂಯ್.

"ಆಸ್ಪತ್ರೆಗೆ ಹೋಗಣ ಬಾವ."

"ನಾಟ್ಕ ಮುಗೀಲಿ. ಈಗ ಮಲಗಿಸಿಬಿಟ್ರೆ ನನ್ ಪಾತ್ರ ಯಾವನಿಗೆ ಕೊಡ್ತೀರಾ?"

ಅಕ್ಕ ಒಂದು ವಾರ ಹೇಳಿದಳು. ಅವನು ಜಗ್ಗಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ನಾನೂ ಬಾವನೂ ಬೈಕಿನಲ್ಲಿ ಕುಣಿಗಲ್ಲಿಗೆ ಹೋದೆವು. ಹಿಂದೆ ರಾಜನ ಪಾತ್ರ ಮಾಡುತ್ತಿದ್ದ ಹಿರಿಯರೊಬ್ಬರ ಕಿರೀಟ ಅಲ್ಲಿತ್ತು. ಅದರ ಕೆಳಗೆ ಹೆಡ್‌ಸೆಟ್ ಕೂರುತ್ತದೋ ಇಲ್ಲವೋ ನೋಡಬೇಕಿತ್ತು. ಬ್ಯಾಗಿನಲ್ಲಿ ಹೆಡ್‌ಸೆಟ್ಟೂ ಒಂದು ಪುಟ್ಟ ಸ್ಪೀಕರೂ ಇಟ್ಟುಕೊಂಡಿದ್ದೆ. ಆ ಹಿರಿಯರು ಬಾವನ ಶೆಡ್ಡಿನಲ್ಲೇ ಕೆಲಸದಲ್ಲಿದ್ದವರು. ಪೈಪು ಹಿಡಿಯುವುದನ್ನು ಬಾವನಿಗೆ ಕಲಿಸಿದವರು. ಮೈ ಸರಿಯಿಲ್ಲ ಎಂದು ಕೆಲಸ ಬಿಟ್ಟು ಊರಿಗೆ ಬಂದಿದ್ದರು. ಆಮೇಲೆ ನಾವು ನೋಡಿರಲಿಲ್ಲ.

ಅವರ ಹೆಂಡತಿ ನಮ್ಮನ್ನು ಒಳಗೆ ಕರೆದರು. ಕಿಟಕಿಯ ಪಕ್ಕ ಮಂಚದ ಮೇಲೆ ದಿಂಬುಗಳ ರಾಶಿಗೆ ಒರಗಿಕೊಂಡು ಅವರು ಕೂತಿದ್ದರು. ಭುಜದ ಮೂಳೆ ಅಂಗಿಯನ್ನು ಎತ್ತಿ ಹಿಡಿದಂತೆ ಕಾಣುತ್ತಿತ್ತು. "ಬಾ ಮಾರಾಜ," ಎಂದು ಬಾವನನ್ನು ನೋಡಿ ನಕ್ಕರು. ನಕ್ಕಿದ್ದಕ್ಕೇ ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಮನೆಯಲ್ಲಿ ಆ ಸದ್ದು ಕೇಳಿಸಿತು.

ನನ್ನ ಕೈ ತಾನಾಗಿಯೇ ಬ್ಯಾಗಿಗೆ ಹೋಯಿತು. ಸ್ಪೀಕರು ಆನ್ ಆಗಿಬಿಟ್ಟಿದೆ ಅಂದುಕೊಂಡೆ. ತಡವಿದೆ. ಆಫ್ ಇತ್ತು. ಹೆಡ್‌ಸೆಟ್ಟೂ ಆಫ್ ಇತ್ತು. ಬಾವ ನನ್ನ ಕೈಯನ್ನೇ ನೋಡುತ್ತಿದ್ದ.

"ಕಿರೀಟ ಅಲ್ಲೈತೆ, ನೀನೇ ಎತ್ಕೊ. ನಾನೆದ್ರೆ... ದಮ್ಮು," ಅಂದರು ಅವರು.

"ಮಲಗಕ್ಕೂ ಆಗಲ್ಲ ಇವ್ರಿಗೆ. ಕೂತ್ಕೊಂಡೇ ನಿದ್ದೆ," ಅಂದರು ಹೆಂಡತಿ.

ಬಾವ ಕಿರೀಟದ ಹತ್ತಿರ ಹೋಗಲಿಲ್ಲ. ಮಂಚದ ತುದಿಗೆ ಕೂತು, "ನಿಂಗೆ ಇದು ಹೆಂಗ್ ಶುರುವಾಯ್ತಣ್ಣ?" ಎಂದು ಕೇಳಿದ.

"ಪದ್ಯದ ಕೊನೇಲಿ ಉಸ್ರು ಸಾಲ್ತಿರ್ಲಿಲ್ಲ. ವಯಸ್ಸಾಯ್ತು ಅಂದ್ಕೊಂಡೆ. ನಿಂಗೇನಾದ್ರೂ ಹಂಗೈತೇನೋ?"

"ಇಲ್ಲಣ್ಣ," ಅಂದ ಬಾವ.

ಅವರು ಸ್ವಲ್ಪ ಹೊತ್ತು ಅವನ ಮುಖ ನೋಡಿದರು. ದಿಂಬಿನ ಪಕ್ಕದ ಡಬ್ಬಿಯಿಂದ ಬೆಲ್ಲದ ತುಂಡು ತೆಗೆದು, "ತಗೊ, ತಿನ್ನು. ಇಳೀತದೆ," ಅಂದರು. ಬಾವ ಅದನ್ನು ತಗೊಂಡ. ತಿನ್ನಲಿಲ್ಲ.

ವಾಪಸ್ ಬರುವಾಗ ನನ್ನ ಬೆನ್ನಿಗೆ ಅವನ ಎದೆ ತಾಗುತ್ತಿತ್ತು. ಗಾಳಿಗೆ ಏನೂ ಕೇಳಿಸುತ್ತಿರಲಿಲ್ಲ, ಆದರೆ ಒಳಗಿನ ಅದುರು ಬೆನ್ನಿಗೆ ಗೊತ್ತಾಗುತ್ತಿತ್ತು. ಬಟವಾಡಿ ಹತ್ತಿರ ಬಂದಾಗ ಬಾವ ಕಿವಿಯ ಹತ್ತಿರ ಬಾಯಿ ತಂದು, "ನಾಳೆ ರಜಾ ಹಾಕು ಕಣ್ಲಾ, ಆಸ್ಪತ್ರೆಗೆ ಹೋಗಣ. ನಿಮ್ಮಕ್ಕನಿಗೆ ಈಗ್ಲೇ ಹೇಳ್ಬೇಡ," ಅಂದ.

ಮಾರನೇ ದಿನ ಆಸ್ಪತ್ರೆಯಲ್ಲಿ ಡಾಕ್ಟರು ಬಾವನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಏನು ಕೆಲಸ ಎಂದು ಕೇಳಿದರು. ಹೇಳಿದ. ಎಕ್ಸ್‌ರೇ ತೆಗೆಸಿಕೊಂಡು ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದರು. ಕಪ್ಪಗಿರಬೇಕಾದ ಕಡೆ ಹಿಟ್ಟು ಎರಚಿದ ಹಾಗೆ ಬಿಳಿ ಚುಕ್ಕೆಗಳಿದ್ದವು.

"ಇದು ಆ ಮರಳಿನ ಧೂಳು, ಕಲ್ಲಿನ ಪುಡಿ. ಒಳಗೆ ಹೋಗಿದ್ದು ವಾಪಸ್ ಬರಲ್ಲ. ಯಾವ ಮದ್ದಿಗೂ ಬರಲ್ಲ. ಇವತ್ತಿಂದ ಆ ಕೆಲಸಕ್ಕೆ ಹೋಗಬೇಡಿ. ಹೋಗದಿದ್ರೆ ಇರೋಷ್ಟನ್ನಾದ್ರೂ ಉಳಿಸ್ಕೋಬಹುದು," ಅಂದರು ಡಾಕ್ಟರು.

"ನಾಟ್ಕದ ಪದ್ಯ ಹಾಡ್ಬೋದಾ ಸಾ?"

"ಮೊದಲು ಉಸಿರಾಡಿ."

ಡಾಕ್ಟರು ಚೀಟಿ ಬರೆಯುತ್ತಾ, ತಲೆ ಎತ್ತದೆಯೇ, "ಆ ಶೆಡ್ಡಿನಲ್ಲಿ ನಿಮ್ಮ ಜೊತೆ ಇನ್ನೂ ಯಾರ್ಯಾರಿದಾರೆ?" ಎಂದು ಕೇಳಿದರು.

ಬಾವ ಕೈ ಮೇಲೆತ್ತಿ ಬೆರಳು ಮಡಿಸುತ್ತಾ ಒಬ್ಬೊಬ್ಬರ ಹೆಸರೇ ಹೇಳತೊಡಗಿದ. ಪ್ರತಿ ಹೆಸರಿಗೂ ಸ್ವಲ್ಪ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಒಂದು ಕೈಯ ಬೆರಳು ಮುಗಿದವು, ಇನ್ನೊಂದು ಕೈಯವೂ ಮುಗಿದವು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದ್ದರು. ಬಾವ ಮೊದಲ ಕೈಯನ್ನು ಮತ್ತೆ ಬಿಡಿಸಿಕೊಂಡ.