ಎರಡು ಬಾವುಟಗಳ ನಡುವೆ ಈಜುವವರು

ಆಗಷ್ಟೇ ಬೆಳಕು ಹರಿಯುತ್ತಿದೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡ ಹೆಂಗಸೊಬ್ಬಳು ಕಡಲನ್ನು ದಿಟ್ಟಿಸುತ್ತಾ ನಿಂತಿದ್ದಾಳೆ. ಎರಡೂ ಕಡೆ ಅಲೆಗಳು ನೊರೆಯಾಗಿ ಒಡೆಯುತ್ತಿವೆ. ನಡುವೆ ಒಂದಷ್ಟು ಅಗಲದ ನೀರು ಮಾತ್ರ ಏನೂ ಅರಿಯದ ಮಗುವಿನಂತೆ ತಣ್ಣಗಿದೆ. ದಡಕ್ಕೆ ಬಂದ ನೀರೆಲ್ಲ ವಾಪಸು ಹೋಗುವುದು ಅದೇ ದಾರಿಯಲ್ಲಿ. ಅಲ್ಲಿ ಇಳಿದವರನ್ನೂ ಜೊತೆಗೇ ಎಳೆದೊಯ್ಯುತ್ತದೆ. ಆ ಸೆಳೆತದ ಎರಡು ಅಂಚಿಗೂ ಒಂದೊಂದು ಕೆಂಪು ಬಾವುಟ ನೆಟ್ಟು, ಫೋಟೋ ತೆಗೆದು, ಮೇಲ್ವಿಚಾರಕರಿಗೆ ಕಳಿಸುತ್ತಾಳೆ. ಆ ಕಡೆಯಿಂದ ಹೆಬ್ಬೆರಳಿನ ಚಿತ್ರ ಬರುತ್ತದೆ.

"ಆಯ್ತಲ್ಲ, ಸಾಹೇಬ್ರಿಗೆ ಸಮಾಧಾನ," ಎಂದು ಗೊಣಗಿಕೊಂಡು, ಈಗಷ್ಟೇ ನೆಟ್ಟ ಎರಡೂ ಬಾವುಟಗಳನ್ನು ಕಿತ್ತುಬಿಡುತ್ತಾಳೆ.

ಬೀಚಿನವರೆಲ್ಲ ಇವಳನ್ನು ಕರೆಯುವುದು ಬಾವುಟದಕ್ಕ ಎಂದು. ನೀರಿಗೆ ಹಾರಿ ಎಳೆದು ತರುವ ಈಜುಗಾರರು ಬೇರೆ ಇದ್ದಾರೆ, ಅವರಿಗೆ ಪದಕ, ಸನ್ಮಾನ ಎಲ್ಲ ಉಂಟು. ಬಾವುಟದಕ್ಕನ ಕೆಲಸ ಅವರು ಹಾರುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು. ಆಗದೇ ಇದ್ದದ್ದಕ್ಕೆ ಯಾರು ತಾನೆ ಹಾರ ಹಾಕುತ್ತಾರೆ?

ದೂರದ ದೇಶಗಳಿಂದ ವಿಮಾನ ಹತ್ತಿ ಬರುವ ಪ್ರವಾಸಿಗರೆಂದರೆ ಇವಳಿಗೆ ತಲೆನೋವು. ಊರಲ್ಲಿ ಹೇಗಿರುತ್ತಾರೋ ಏನೋ, ಇಲ್ಲಿಗೆ ಬಂದ ಕೂಡಲೇ ಬುದ್ಧಿಯನ್ನು ಹೋಟೆಲ್ ರೂಮಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬರುತ್ತಾರೆ. ಪಾಚಿಗಟ್ಟಿದ ಬಂಡೆಯ ಮೇಲೆ ಬರಿಗಾಲಲ್ಲಿ ಹತ್ತಿ, ಚಿಪ್ಪಿಗೆ ಅಂಗಾಲು ಸೀಳಿಕೊಂಡು ಕುಂಟುತ್ತಾ ಇಳಿಯುತ್ತಾರೆ. ಫೋಟೋಗೆಂದು ಹಿಂದೆ ಹಿಂದೆ ಸರಿದು, ಬಿದ್ದು, ಮಣಿಕಟ್ಟು ಮುರಿದುಕೊಳ್ಳುತ್ತಾರೆ. ಬಾಡಿಗೆ ಸ್ಕೂಟರ್ ಓಡಿಸಲು ಬಾರದಿದ್ದರೂ ಓಡಿಸಿ, ಕೆರೆದುಹೋದ ಮೊಣಕೈಯನ್ನು ಉಪ್ಪುನೀರಿನಲ್ಲಿ ಅದ್ದಿ ಕಿರುಚುತ್ತಾರೆ. ಎಚ್ಚರಿಕೆಯ ಫಲಕ ಮೂರು ಭಾಷೆಯಲ್ಲಿದೆ. ಅದರ ಮೇಲೆ ಟವೆಲ್ ಒಣಹಾಕುತ್ತಾರೆ.

"ನಾನು ಸೀಟಿ ಊದಿ ಊದಿ ಗಂಟಲು ಹರ್ಕೊಂಡ್ರೆ, ಅವ್ರು ನಗ್ತಾ ಕೈ ಬೀಸ್ತಾರೆ. ಟಾಟಾ ಮಾಡ್ತಿದೀನಿ ಅನ್ಕೊಂಡಿದಾರೆ! ಮೈಯೆಲ್ಲ ಉರಿಯುತ್ತೆ ನಂಗೆ," ಎನ್ನುತ್ತಾಳೆ.

ಇದೆಲ್ಲ ಸಹಿಸಿಕೊಳ್ಳಬಹುದಾದ ಕಾಟ. ಅವಳ ಪ್ರಾಣ ಹಿಂಡುತ್ತಿದ್ದದ್ದು ಬೇರೆ. ವಿದೇಶಿಯರಲ್ಲಿ ಕೆಲವರು ಇಷ್ಟುದ್ದದ ದಡ ಬಿಟ್ಟು, ನೇರವಾಗಿ ಬಂದು ಸರಿಯಾಗಿ ಎರಡು ಬಾವುಟಗಳ ನಡುವೆಯೇ ನೀರಿಗೆ ಇಳಿಯುತ್ತಿದ್ದರು. ಬೇಕೆಂದೇ ಹೊಟ್ಟೆ ಉರಿಸುತ್ತಾರೆ ಎಂದುಕೊಂಡು ವರ್ಷಗಟ್ಟಲೆ ಶಾಪ ಹಾಕಿದ್ದಾಳೆ.

ಹೋದ ವರ್ಷ ಹಾಗೆ ಇಳಿದವನೊಬ್ಬ ದೂರ ತೇಲಿಹೋದ. ಸಹಾಯಕ್ಕೆ ಕೈಯೆತ್ತಿದರೆ, ದಡದಲ್ಲಿದ್ದ ಹೆಂಡತಿ ತಾನೂ ಕೈಯೆತ್ತಿ ಫೋಟೋ ತೆಗೆದಳು. ಈಜುಗಾರರು ಎಳೆದು ತಂದಾಗ ಅವನ ಭುಜ ಕಳಚಿತ್ತು, ಮುಖ ನೀಲಿಗಟ್ಟಿತ್ತು. ಹೆಂಡತಿ ಅಳುತ್ತಲೇ ಬಾವುಟದಕ್ಕನ ಮೇಲೆ ಎಗರಿಬಿದ್ದಳು. ಅವಳ ಮಾತನ್ನು ಹೋಟೆಲಿನ ಗುಮಾಸ್ತ ಬಿಡಿಸಿ ಹೇಳಿದ. ಅವರ ದೇಶದಲ್ಲಿ ಬಾವುಟಗಳ ನಡುವೆಯೇ ಈಜಬೇಕೆಂದು ಶಾಲೆಯಲ್ಲೇ ಕಲಿಸುತ್ತಾರಂತೆ. ಕಾವಲಿರುವ ಸುರಕ್ಷಿತ ಜಾಗವೇ ಅದಂತೆ. ಅಲ್ಲಿನ ಬಾವುಟ ಕೆಂಪು ಹಳದಿ. ಇಲ್ಲಿನ ಕೆಂಪು ಬಿಸಿಲಿಗೆ ಮಾಸಿ ಅರ್ಧ ಹಳದಿಯೇ ಆಗಿತ್ತು.

"ಅಂದ್ರೆ ಇಷ್ಟು ದಿನ ನಾನೇ ಬಾವುಟ ನೆಟ್ಟು, ಬನ್ನಿ ಮುಳುಗಿ ಅಂತ ಕರೀತಾ ಇದ್ದೆ!"

ಉಪಾಯ ಕೊಟ್ಟದ್ದು ಮನೆಯಲ್ಲಿ ಉಸಿರಾಟದ ಕಾಯಿಲೆಯಿಂದ ಹಾಸಿಗೆ ಹಿಡಿದಿರುವ ಅತ್ತೆ. ಸೊಸೆಯ ಅಳು ಕೇಳಿ ಕೇಳಿ ಸಾಕಾಗಿ, "ಎರಡನ್ನೂ ಅಡ್ಡಡ್ಡ ಕಟ್ಟಿ ನಡೂಮಧ್ಯ ನಿಲ್ಸೇ. ತಪ್ಪು ಲೆಕ್ಕಕ್ಕೆ ಮೇಷ್ಟ್ರು ಹಾಕೋ ಗುರುತು ಯಾವ ದೇಶದೋರಿಗೆ ಗೊತ್ತಾಗಲ್ಲ? ಈಗ ದೀಪ ಆರ್ಸು, ನಿದ್ದೆ ಬರ್ತಿದೆ," ಎಂದರಂತೆ.

ಇವತ್ತೂ ಹಾಗೆಯೇ ಕಟ್ಟುತ್ತಾಳೆ. ಕಿತ್ತ ಎರಡು ಕೋಲುಗಳನ್ನೂ ಸೆಳೆತದ ನಟ್ಟನಡುವೆ, ನೀರು ತಾಗುವ ಕಡೆ, ಕತ್ತರಿಯಾಕಾರದಲ್ಲಿ ಹೂತು ಹಗ್ಗ ಬಿಗಿಯುತ್ತಾಳೆ. ಹೀಗೆ ಕಟ್ಟಲು ಶುರುಮಾಡಿದ ಮೇಲೆ ಆ ಜಾಗದಲ್ಲಿ ಒಬ್ಬರೂ ಕೊಚ್ಚಿಹೋಗಿಲ್ಲ. ಅಂಗಾಲು ಸೀಳಿಕೊಳ್ಳುವುದು ಮಾತ್ರ ನಿಂತಿಲ್ಲ. "ಅದಕ್ಕೆ ನಾನೇನು ಅವ್ರಿಗೆ ಚಪ್ಪಲಿ ತೊಡಿಸ್ಲಾ?" ಎಂದು ರೇಗುತ್ತಾಳೆ.

ಇಷ್ಟಾದರೂ ಮೇಲ್ವಿಚಾರಕರು ಒಪ್ಪಿಲ್ಲ. ಒಂದು ದಿನ ಹೇಳದೆ ಕೇಳದೆ ಬಂದು, ಕತ್ತರಿ ಬಾವುಟ ಕಂಡು ಕೆಂಡವಾದರು. "ಅಂಚಿಗೊಂದು ಬಾವುಟ ಅಂತ ನಿಯಮ ಇದೆ. ಅವ್ರ ದೇಶದ ಪದ್ಧತಿ ಅವ್ರ ದೇಶದಲ್ಲಿ. ನಾಳೆ ತಪಾಸಣೆಗೆ ಬಂದೋರು ಕೇಳಿದ್ರೆ ಕುತ್ತಿಗೆಗೆ ಬರೋದು ನಂಗೆ," ಎಂದರು. ಕೆಟ್ಟ ಮನುಷ್ಯರೇನಲ್ಲ, ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದಾಗ ಕೇಳದೆಯೇ ರಜೆ ಕೊಟ್ಟವರು. ಆದರೆ ಮೇಲಿನವರಿಗೆ ಒಂದು ಮಾತು ಹೇಳಿ ನಿಯಮ ಬದಲಿಸೋಣವೆಂದರೆ ಮಾತ್ರ ಬಾಯಿಗೆ ಬೀಗ. ಇನ್ನೊಂದು ಸಲ ಕಂಡರೆ ಕೆಲಸದಿಂದ ತೆಗೆಯುತ್ತೇನೆ ಎಂದು ಹೇಳಿ ಹೋಗಿದ್ದಾರೆ. ಅಂದಿನಿಂದ ಈ ಬೆಳಗಿನ ಕಳ್ಳಾಟ. ಜೀವ ಉಳಿಸಲು ಕಳ್ಳರಂತೆ ಹೆದರಬೇಕಾಗಿರುವುದು ಎಂಥ ಕರ್ಮ!

ಇದನ್ನೆಲ್ಲ ನಾವು ಪತ್ರಿಕೆಯಲ್ಲಿ ಬರೆದರೆ ಕೆಲಸಕ್ಕೇ ಸಂಚಕಾರ ಬರುವುದಿಲ್ಲವೇ ಎಂದು ಕೇಳಿದರೆ ಬಾವುಟದಕ್ಕ ಬಿಗಿದ ಹಗ್ಗವನ್ನೇ ಮತ್ತೆ ಬಿಗಿಯುತ್ತಾಳೆ. ಗಂಡನ ಸೈಕಲ್ ರಿಪೇರಿ ಅಂಗಡಿ ನಡೆದರೆ ನಡೆಯಿತು, ಇಲ್ಲದಿದ್ದರೆ ಇಲ್ಲ. ಅತ್ತೆಯ ಔಷಧಿಗೆ ಇವಳ ಸಂಬಳವೇ ಗತಿ. ಹೆದರಿಕೆ ಮುಖದಲ್ಲೇ ಕಾಣುತ್ತದೆ. ಅದನ್ನು ಮುಚ್ಚಿಡಲು ಅವಳಿಗೆ ಬರುವುದೂ ಇಲ್ಲ.

ಅಷ್ಟರಲ್ಲಿ ಬಿಳಿಗೂದಲಿನ ವಿದೇಶಿ ದಂಪತಿ ಕೈಕೈ ಹಿಡಿದು ಆ ತಣ್ಣಗಿನ ನೀರಿನತ್ತ ಬರುತ್ತಾರೆ. ಅಡ್ಡ ಬಾವುಟಗಳನ್ನು ಕಂಡು ನಿಲ್ಲುತ್ತಾರೆ. ಏನೋ ಮಾತಾಡಿಕೊಂಡು, ಅಲೆ ಒಡೆಯುವ ಕಡೆಗೆ ನಡೆದುಹೋಗುತ್ತಾರೆ. ಅವರು ಸಾಕಷ್ಟು ದೂರ ಹೋಗುವವರೆಗೂ ಬಾವುಟದಕ್ಕ ಕಣ್ಣು ಕೀಳುವುದಿಲ್ಲ.

"ಬರೀರಿ," ಎನ್ನುತ್ತಾಳೆ ಆಮೇಲೆ. "ನನ್ನನ್ನ ತೆಗೆಯೋದಾದ್ರೆ ತೆಗೀಲಿ. ನನ್ನ ಜಾಗಕ್ಕೆ ಹೊಸದಾಗಿ ಬರೋರ ಜೊತೆ ಒಂದೇ ಒಂದು ಬೆಳಗ್ಗೆ ಇಲ್ಲಿ ನಿಲ್ಲೋಕೆ ಬಿಟ್ರೆ ಸಾಕು. ಎಲ್ಲಿ ಕಟ್ಬೇಕು ಅಂತ ತೋರಿಸಿ ಹೋಗ್ತೀನಿ."